ಕೈ ತೊಳೆದ ನೀರು

ಕೊಳಾಯಿ ಮಾವನಿಗೆ ಆ ಅಡ್ಡಹೆಸರು ಇಟ್ಟವರು ಯಾರೋ ಗೊತ್ತಿಲ್ಲ, ಆದರೆ ಇಟ್ಟವರು ಅಳತೆ ನೋಡಿಯೇ ಇಟ್ಟಿದ್ದರು. ಅಕ್ಕನ ದ್ರಾಕ್ಷಿ ತೋಟಕ್ಕೆ ಮೂವತ್ತೆಂಟು ವರ್ಷ ನೀರು ಬಿಟ್ಟವನು ಅವನು. ಮೊದಲು ಮಣ್ಣಿನ ಕಾಲುವೆ, ಆಮೇಲೆ ರಬ್ಬರ್ ಪೈಪು, ಆಮೇಲೆ ಹನಿ ಹನಿಯಾಗಿ ತೊಟ್ಟಿಕ್ಕುವ ಡ್ರಿಪ್ಪು. ಸಾಮಾನು ಬದಲಾಯಿತು, ಮಾವ ಬದಲಾಗಲಿಲ್ಲ. ಬೆಳಗ್ಗೆ ವಾಲ್ವು ತಿರುಗಿಸಿ, ಪೈಪಿನೊಳಗಿನ ಗಾಳಿ ಬುಸ್ಸೆಂದು ಹೊರಬಿದ್ದು, ಅದರ ಹಿಂದೆ ನೀರು ಓಡಿದ ಸದ್ದು ಕೇಳುವವರೆಗೆ ಅವನಿಗೆ ಹಸಿವೇ ಆಗುತ್ತಿರಲಿಲ್ಲ. ಮದುವೆ ಯಾಕೆ ಆಗಲಿಲ್ಲ ಎಂದು ಯಾರಾದರೂ ಕೇಳಿದರೆ, "ನನ್ನ ಸರದಿ ಬರೋ ಹೊತ್ತಿಗೆ ತೊಟ್ಟಿ ಖಾಲಿಯಾಗಿತ್ತು" ಎಂದು ನಗುತ್ತಿದ್ದ.

ಬಳ್ಳಿಯ ದಾಹವನ್ನು ಅವನು ನೋಡಿದ ಕೂಡಲೇ ಹಿಡಿಯುತ್ತಿದ್ದ. ಕುಡಿಯ ತುದಿಯಲ್ಲಿ ತಂತಿ ಹಿಡಿಯಲು ಚಾಚುವ ಸಣ್ಣ ಕೈಗಳಿರುತ್ತವಲ್ಲ, ಅವು ಮೊದಲು ಸೊರಗುತ್ತವೆ. ಆಮೇಲೆ ಎಲೆ ಬಿಸಿಲಿಗೆ ಮುಖ ತಿರುಗಿಸಿಕೊಳ್ಳುತ್ತದೆ. ಆಮೇಲೆ ಬುಡದ ಎಲೆ ಹಳದಿಯಾಗುತ್ತದೆ. ಬೇರೆಯವರು ಹಳದಿ ಕಂಡಮೇಲೆ ಅಯ್ಯೋ ಎಂದರೆ, ಮಾವ ಕೈ ಸೊರಗುವ ಮೊದಲೇ "ಪಾಪ" ಎನ್ನುತ್ತಿದ್ದ. ಆ "ಪಾಪ" ಬಾಯಿಂದ ಬಿದ್ದರೆ ಮುಗಿಯಿತು, ನೀರು ಬಿದ್ದ ಹಾಗೆಯೇ ಲೆಕ್ಕ.

ಇಂಥ ಮನುಷ್ಯನ ಮುಂದೆ ನಿಂತು ಅವನ ಅಕ್ಕನ ಮಗಳು ಪುಟ್ಟಿ ಒಂದು ದಿನ ಹೇಳಿದಳು: "ಮಾವ, ಮೇಲಿನ ತಾಕಿಗೆ ಇನ್ಮೇಲೆ ನೀರು ಬೇಡ."

ಪುಟ್ಟಿ ಎಂದರೆ ಹೆಸರಿಗೆ ಪುಟ್ಟಿ. ವಯಸ್ಸು ಮೂವತ್ತನಾಲ್ಕು, ಎತ್ತರ ಮಾವನಿಗಿಂತ ಒಂದು ಗೇಣು ಜಾಸ್ತಿ. ಭಾವ ತೀರಿಕೊಂಡ ಮೇಲೆ ತೋಟ ನಡೆಸಿದ್ದು ಅಕ್ಕ. ಅಕ್ಕನ ಮಂಡಿ ಮುಷ್ಕರ ಹೂಡಿದ ಮೇಲೆ ಬೀಗದ ಕೈ ಗೊಂಚಲು ಮಗಳ ಸೊಂಟಕ್ಕೆ ಬಂತು. ಮಣ್ಣಿನ ವಿಷಯ ಓದಿ ಬಂದ ಹುಡುಗಿ. ಬಂದವಳೇ ಮಾಡಿದ ಮೊದಲ ಕೆಲಸ ಬಾವಿಗೆ ಹಗ್ಗ ಇಳಿಬಿಟ್ಟು ಅಳೆದದ್ದು. ಪ್ರತಿ ವರ್ಷ ನೀರು ಒಂದು ಮೊಳದಷ್ಟು ಕೆಳಗೆ ಹೋಗುತ್ತಿತ್ತು. ಮನೆಯ ಕುಡಿಯುವ ನೀರೂ ಅದೇ ಬಾವಿಯದು.

"ಇದು ಶುದ್ಧ ಕೊಲೆ" ಎಂದ ಮಾವ.

"ಒಂದೇ ಸಲ ನಿಲ್ಸಲ್ಲ. ಎರಡು ವರ್ಷ ಕಡಿಮೆ ಮಾಡ್ತಾ ಬರ್ತೀನಿ, ಆಮೇಲೆ ಪೂರ್ತಿ ನಿಲ್ಸೋಣ. ಸಾಲುಗಳ ಮಧ್ಯೆ ಹುಲ್ಲು ಬೆಳಿಲಿ, ಕತ್ತರಿಸಿ ಬುಡಕ್ಕೆ ಹೊದಿಕೆ ಹಾಕೋಣ. ಅವು ಹಳೇ ಬಳ್ಳಿ, ಬೇರು ಕೆಳಗೆ ಇಳಿಸ್ಕೊಳ್ತವೆ."

"ಇಳಿಸ್ಕೊಳ್ದೇ ಹೋದ್ರೆ?"

"ದಿನಾ ಮಂಚಕ್ಕೇ ಊಟ ತಂದು ಬಾಯಿಗಿಟ್ರೆ ಯಾರು ಎದ್ದು ಅಡುಗೆಮನೆಗೆ ಹೋಗ್ತಾರೆ ಮಾವ?"

ಮೂವತ್ತೆಂಟು ವರ್ಷ ಮಂಚಕ್ಕೆ ಊಟ ತಂದುಕೊಟ್ಟವನು ತಾನೇ ಎಂಬುದು ಮಾವನಿಗೆ ಅರ್ಥವಾಯಿತು. ಮುಖ ಗಂಟು ಹಾಕಿಕೊಂಡು ಅಕ್ಕನ ಕಡೆ ನೋಡಿದ. ಅಕ್ಕ ಮಂಡಿಗೆ ಎಣ್ಣೆ ತಿಕ್ಕುತ್ತಾ, "ನನ್ನ ಮುಖ ಯಾಕೆ ನೋಡ್ತೀಯೋ, ಬೀಗದ ಕೈ ಅವಳ ಹತ್ರ ಇದೆ" ಎಂದಳು.

ಪುಟ್ಟಿಯ ಲೆಕ್ಕಾಚಾರ ಸರಳವಾಗಿತ್ತು. ಗುಡ್ಡದ ಮೇಲಿನ ತಾಕಿನಲ್ಲಿ ನಾನೂರ ಹನ್ನೆರಡು ಬಳ್ಳಿ. ನೀರು ಪೂರ್ತಿ ನಿಂತ ಮೇಲೆ ಮೂರು ಬೇಸಿಗೆ ಅವಳು ಒಂದೊಂದನ್ನೂ ನೋಡಿ ಪುಸ್ತಕದಲ್ಲಿ ಅಂಕ ಬರೆಯುವುದು. ಬೇಸಿಗೆ ಮುಗಿಯುವ ಹೊತ್ತಿಗೆ ಯಾವುದು ಹಸಿರಾಗಿ ನಿಂತಿದೆಯೋ ಅದರ ಕಾಂಡಕ್ಕೆ ಒಂದು ನೀಲಿ ಪಟ್ಟಿ ಕಟ್ಟುವುದು. ಮೂರು ಬೇಸಿಗೆ ಗೆದ್ದ ಬಳ್ಳಿಯಿಂದ ಚಳಿಗಾಲದಲ್ಲಿ ಕಡ್ಡಿ ಕತ್ತರಿಸಿ, ಕಸಿ ಕಟ್ಟುವವರ ಕೈಗೆ ಕೊಟ್ಟು, ಅದರ ಮಕ್ಕಳನ್ನೇ ಕೆಳಗಿನ ತಾಕಿಗೆಲ್ಲ ನೆಡುವುದು. ಕೆಳಗಿನ ತಾಕಿನ ಬಳ್ಳಿಗಳಿಗೆ ಆಗಲೇ ಕಾಂಡ ಟೊಳ್ಳಾಗಿತ್ತು, ಹೇಗೂ ಕೀಳಬೇಕಿತ್ತು. ಹೊಸದಾಗಿ ನೆಟ್ಟದ್ದು ಇನ್ನು ನಲವತ್ತು ವರ್ಷ ನಿಲ್ಲಬೇಕು. ತಪ್ಪು ಬಳ್ಳಿ ಆರಿಸಿದರೆ ನಲವತ್ತು ವರ್ಷದ ತಪ್ಪು.

ಕೆಳಗಿನ ತಾಕಿಗೆ ನೀರು ಬಿಡುವ ಕೆಲಸ ಮಾವನಿಗೆ ಉಳಿಯಿತು. ಮೇಲಿನ ವಾಲ್ವಿಗೆ ಪುಟ್ಟಿ ಬೀಗ ಹಾಕಲಿಲ್ಲ. ಹಾಕಿದ್ದರೆ ಮಾವ ನಾಲ್ಕು ದಿನ ಕೂಗಾಡಿ ಸುಮ್ಮನಾಗುತ್ತಿದ್ದ. "ನೀವಿದ್ದೀರಲ್ಲ, ಬೀಗ ಯಾಕೆ" ಎಂದುಬಿಟ್ಟಳು. ಅದರಿಂದಲೇ ಅವನ ಕೈ ಕಟ್ಟಿಹೋಯಿತು. ವಾಲ್ವಿನ ಹತ್ತಿರ ಕೂಡ ಸುಳಿಯಲಿಲ್ಲ, ಅದು ನಿಜ. ಆದರೆ ಮನುಷ್ಯ ಊಟ ಮಾಡಬೇಕಲ್ಲ.

ಮೇಲಿನ ತಾಕಿನ ಏಳನೇ ಸಾಲು ಮುಗಿಯುವಲ್ಲಿ ಒಂದು ಚಪ್ಪಟೆ ಕಲ್ಲಿದೆ, ಅದರ ಮೇಲೆ ಬೇಲಿಯ ಮರದ ನೆರಳು ಬೀಳುತ್ತದೆ. ಮಾವ ಡಬ್ಬಿ ಬಿಚ್ಚುತ್ತಿದ್ದುದು ಅಲ್ಲೇ, ಯಾವತ್ತೂ ಅಲ್ಲೇ. ನೀರು ನಿಂತ ಮೊದಲ ಬೇಸಿಗೆಯ ಒಂದು ಮಧ್ಯಾಹ್ನ ಅವನು ಊಟಕ್ಕೆ ಕೂತಿದ್ದಾಗ ಸಾಲಿನ ಕೊನೆಯ ಬಳ್ಳಿಯ ಒಂದು ಎಲೆ ಅವನ ಭುಜಕ್ಕೆ ತಗಲಿತು. ಮುಟ್ಟಿ ನೋಡಿದ. ಬಿಸಿಯಾಗಿತ್ತು, ಸೊರಗಿತ್ತು. ಪಾಪ ಎಂದುಕೊಂಡ. ಊಟ ಮುಗಿಸಿ ಎಂದಿನಂತೆ ಬಾಟಲಿಯ ನೀರಲ್ಲಿ ಕೈ ತೊಳೆದ. ಎಂದಿನ ಜಾಗದಲ್ಲಿ ಅಲ್ಲ, ಒಂದು ಹೆಜ್ಜೆ ಆಚೆ, ಬಳ್ಳಿಯ ಬುಡದಲ್ಲಿ.

ಕೈ ತೊಳೆಯುವುದು ನೀರು ಬಿಟ್ಟ ಹಾಗಲ್ಲ. ಇದನ್ನು ಅವನು ತನಗೆ ತಾನೇ ಸ್ಪಷ್ಟವಾಗಿ ಹೇಳಿಕೊಂಡ. ಮರುದಿನ ಡಬ್ಬಿಯನ್ನೂ ಅಲ್ಲೇ ತೊಳೆದ. ಡಬ್ಬಿ ತೊಳೆಯುವುದೂ ನೀರು ಬಿಟ್ಟ ಹಾಗಲ್ಲ. ಮೂರನೇ ದಿನ ಡಬ್ಬಿಯ ಮುಚ್ಚಳಕ್ಕೆ ಜಿಡ್ಡು ಹಿಡಿದಿದೆ ಅನ್ನಿಸಿ ಇನ್ನೊಂದು ಬಾಟಲಿ ತಂದ. ತಿಂಗಳು ತುಂಬುವಷ್ಟರಲ್ಲಿ ಐದು ಲೀಟರಿನ ಕ್ಯಾನು ಹೊತ್ತುಕೊಂಡು ಗುಡ್ಡ ಹತ್ತುತ್ತಿದ್ದ. ಅಂಗೈಯಗಲದ ಡಬ್ಬಿಯೊಂದನ್ನು ತೊಳೆಯಲು ಐದು ಲೀಟರ್ ನೀರು ಬೇಕಾಗುವ ಮನುಷ್ಯ ಭೂಮಿಯ ಮೇಲೆ ಅವನೊಬ್ಬನೇ ಇದ್ದಿರಬೇಕು. ಯಾರೂ ಕೇಳಲಿಲ್ಲ. ಮಾವನ ಕೈಯಲ್ಲಿ ನೀರು ಕಂಡರೆ ಯಾರಿಗೆ ತಾನೇ ಅನುಮಾನ ಬರುತ್ತದೆ?

ಆ ಬೇಸಿಗೆಯ ಕೊನೆಗೆ ಪುಟ್ಟಿ ಪುಸ್ತಕ ಹಿಡಿದು ಸಾಲು ಸಾಲು ನಡೆದಳು. ಹೆಚ್ಚಿನ ಬಳ್ಳಿಗಳು ಬುಡದ ಎಲೆ ಉದುರಿಸಿ, ಗೊಂಚಲು ಸಣ್ಣ ಮಾಡಿಕೊಂಡು, ಬಣ್ಣ ಕಳೆದುಕೊಂಡು ನಿಂತಿದ್ದವು. ಸತ್ತಿರಲಿಲ್ಲ, ಅಷ್ಟೇ. ನೋಡಿದವರೆಲ್ಲ ಮೂಗು ಮುರಿದಿದ್ದರು. ಪಕ್ಕದ ತೋಟದವನು ಬೇಲಿಯ ಮೇಲೆ ಕೈಯಿಟ್ಟು "ಓದಿದ್ದು ಜಾಸ್ತಿ ಆಯ್ತೇನೋ" ಎಂದು ಹೋಗಿದ್ದ. ಏಳನೇ ಸಾಲಿನ ಕೊನೆಗೆ ಬಂದ ಪುಟ್ಟಿ ಅಲ್ಲೇ ನಿಂತಳು. ಎಲೆ ದಟ್ಟ ಹಸಿರು. ಕುಡಿಯ ಕೈಗಳು ತಂತಿ ದಾಟಿ ಚಾಚಿಕೊಂಡಿದ್ದವು.

"ಮಾವ, ಇಲ್ಲಿ ಬನ್ನಿ. ಇದನ್ನ ನೋಡಿ."

ಮಾವ ಹೋದ. ಹೇಳಿಬಿಡಬೇಕು ಎಂದೇ ಹೋದ. ಆದರೆ ಹುಡುಗಿಯ ಮುಖ ನೋಡಿದ. ತಿಂಗಳುಗಟ್ಟಲೆ ಊರವರ ಮಾತು ಕೇಳಿ ಕಪ್ಪಿಟ್ಟಿದ್ದ ಮುಖ ಒಮ್ಮೆಲೇ ಅರಳಿತ್ತು. ಐದನೇ ವಯಸ್ಸಿನಲ್ಲಿ ಮಾವನ ಹೆಗಲ ಮೇಲೆ ಕೂತು ಗೊಂಚಲು ಕಿತ್ತಾಗಲೂ ಆ ಮುಖ ಹೀಗೇ ಅರಳಿತ್ತು. ಮಾವ ನಾಲಿಗೆ ಕಚ್ಚಿಕೊಂಡ. "ಗಟ್ಟಿ ಜೀವ" ಎಂದಷ್ಟೇ ಹೇಳಿದ. ಅವಳು ಕಾಂಡಕ್ಕೆ ನೀಲಿ ಪಟ್ಟಿ ಕಟ್ಟಿದಳು.

ಎರಡನೇ ಬೇಸಿಗೆಯಲ್ಲಿ ಅವನು ನೀರು ಹಾಕಿದ್ದು ಬಳ್ಳಿಗಾಗಿ ಅಲ್ಲ, ಆ ಮುಖಕ್ಕಾಗಿ. ಎರಡನೇ ಪಟ್ಟಿಯೂ ಬಿತ್ತು. ಇದರಿಂದ ಇನ್ನೊಂದು ಅನಾಹುತವೂ ಆಯಿತು, ಅದು ಮಾವನಿಗೆ ಆಗ ಹೊಳೆಯಲಿಲ್ಲ. ಪುಟ್ಟಿ ಉಳಿದ ಬಳ್ಳಿಗಳಿಗೆಲ್ಲ ಈ ಬಳ್ಳಿಯನ್ನೇ ಅಳತೆಗೋಲು ಮಾಡಿಕೊಂಡಳು. ಇದಕ್ಕೆ ಹತ್ತು ಅಂಕ ಎಂದಮೇಲೆ, ಅದರ ಮುಂದೆ ಉಳಿದವೆಲ್ಲ ಸಪ್ಪೆ. ಆರು, ಐದು, ನಾಲ್ಕು. ನಿಜವಾಗಿ ತಾವೇ ಬೇರು ಇಳಿಸಿ ನಿಂತಿದ್ದ ಬಳ್ಳಿಗಳಿಗೆ ಒಂದು ಪಟ್ಟಿಯೂ ಸಿಗಲಿಲ್ಲ.

ಮೂರನೇ ಬೇಸಿಗೆಯ ಆರಂಭದಲ್ಲಿ ಕಸಿಯವರು ಬಂದರು. ಸಣ್ಣ ದೇಹ, ಗಂಟು ಗಂಟಾದ ಬೆರಳು, ಮಾತು ಕಡಿಮೆ. ನೀಲಿ ಪಟ್ಟಿಯ ಬಳ್ಳಿಯ ಕಾಂಡ ಸವರಿದರು, ಚಿಗುರೊಡೆಯುವ ಕಣ್ಣುಗಳ ನಡುವಿನ ಅಂತರ ಬೆರಳಿಂದ ಅಳೆದರು. "ಈ ಚಳಿಗಾಲಕ್ಕೆ ಕಡ್ಡಿ ತೆಗೀಬಹುದು. ಎರಡು ವರ್ಷದಲ್ಲಿ ಕೆಳಗಿನ ತಾಕು ತುಂಬಿಸ್ಬಹುದು. ಎಲ್ಲಾ ಇದರದ್ದೇ ಬೇಕಾ?"

"ಎಲ್ಲಾ ಇದರದ್ದೇ" ಎಂದಳು ಪುಟ್ಟಿ. "ಇದು ನಮ್ಮ ಅಮ್ಮ ಬಳ್ಳಿ."

 ಒಂದು ಹುಡುಗಿಯ ಮುಖ ಅರಳಲಿ ಎಂದು ಮಾವ ಮಾಡಿದ ಕೆಲಸ ಈಗ ಎರಡು ಸಾವಿರ ಬಳ್ಳಿಯಾಗಿ ಕೆಳಗಿನ ತಾಕನ್ನು ತುಂಬಲು ಹೊರಟಿತ್ತು. ಎರಡು ಸಾವಿರ ಡಬ್ಬಿ ಎಲ್ಲಿಂದ ತಂದು ತೊಳೆಯುವುದು?

ಅವನು ಹೇಳಲು ಪ್ರಯತ್ನಪಟ್ಟ. ಪ್ರಯತ್ನಪಡಲಿಲ್ಲ ಎಂದರೆ ಸುಳ್ಳಾಗುತ್ತದೆ. ಒಂದು ಸಲ ಪುಟ್ಟಿ ಕತ್ತರಿಗೆ ಸಾಣೆ ಹಿಡಿಯುತ್ತಿದ್ದಾಗ ಹತ್ತಿರ ಹೋಗಿ "ಆ ಬಳ್ಳಿ ಇದೆಯಲ್ಲ" ಎಂದ. ಅವಳು ತಲೆ ಎತ್ತಿ "ಹ್ಞಾಂ, ಏನಾಯ್ತು ಅದಕ್ಕೆ?" ಎಂದು ಗಾಬರಿಯಾದಳು. "ಏನಿಲ್ಲ, ಚೆನ್ನಾಗಿದೆ" ಎಂದು ವಾಪಸ್ಸು ಬಂದ. ಇನ್ನೊಂದು ಸಲ ಅಕ್ಕನಿಗಾದರೂ ಹೇಳೋಣ ಎಂದು ಅಡುಗೆಮನೆಗೆ ಹೋದ. ಅಕ್ಕ "ಬಂದ್ಯಾ, ಈ ಮುಚ್ಚಳ ತೆಗೆದುಕೊಡು" ಎಂದು ಬಿಗಿಯಾದ ಬಾಟಲಿ ಕೈಗೆ ಕೊಟ್ಟಳು. ಮುಚ್ಚಳ ತೆಗೆದುಕೊಟ್ಟು ಬಂದ. ಅವನ ಬಾಯಿಯ ಮುಚ್ಚಳ ಮಾತ್ರ ತೆಗೆಯಲಾಗಲಿಲ್ಲ.

ಕೊನೆಗೆ ಹೇಡಿಗಳು ಹುಡುಕುವ ದಾರಿಯನ್ನೇ ಅವನೂ ಹುಡುಕಿಕೊಂಡ. ಸುಮ್ಮನೆ ನೀರು ನಿಲ್ಲಿಸಿಬಿಡುವುದು. ಬಳ್ಳಿ ತಾನಾಗಿ ಸೊರಗುತ್ತದೆ, ಪುಟ್ಟಿ ತಾನಾಗಿ ಅಂಕ ಕಡಿಮೆ ಮಾಡುತ್ತಾಳೆ, ಬೇರೆ ಬಳ್ಳಿ ಆರಿಸುತ್ತಾಳೆ, ಯಾರೂ ಯಾರಿಗೂ ಏನೂ ಹೇಳಬೇಕಾಗಿಲ್ಲ. ಮಾವ ಊಟದ ಜಾಗ ಬದಲಾಯಿಸಿ ಪಂಪಿನ ಕೊಠಡಿಯಲ್ಲಿ ಕೂತ. ಕ್ಯಾನನ್ನು ಮೂಲೆಯಲ್ಲಿ ಬೋರಲು ಹಾಕಿದ.

ಹನ್ನೆರಡು ದಿನ ಕಳೆದವು. ಹದಿಮೂರನೇ ದಿನ ಬಿಸಿಗಾಳಿ ಶುರುವಾಯಿತು. ಬಾಗಿಲು ತೆಗೆದರೆ ಒಲೆಯ ಮುಚ್ಚಳ ತೆಗೆದ ಹಾಗೆ. ತಂತಿ ಮುಟ್ಟಿದರೆ ಕೈ ಸುಡುತ್ತಿತ್ತು. ಐದು ದಿನ ಗಾಳಿ ಬಿಡದೆ ಬೀಸಿತು. ಮೇಲಿನ ತಾಕಿನ ಬಳ್ಳಿಗಳು ಇನ್ನಷ್ಟು ಎಲೆ ಉದುರಿಸಿ, ಉಳಿದ ಎಲೆಗಳನ್ನು ಓರೆ ಮಾಡಿಕೊಂಡು, ಬಿಸಿಲಿಗೆ ಅಂಚು ತೋರಿಸಿ ನಿಂತವು. ಅವುಗಳಿಗೆ ಅದು ಮೂರು ವರ್ಷದ ಅಭ್ಯಾಸ. ಏಳನೇ ಸಾಲಿನ ಕೊನೆಯ ಬಳ್ಳಿಗೆ ಮಾತ್ರ ಅಭ್ಯಾಸವಿರಲಿಲ್ಲ. ಅದು ದೊಡ್ಡ ದೊಡ್ಡ ಎಲೆ ಬಿಟ್ಟುಕೊಂಡು, ಬೇರನ್ನು ಡಬ್ಬಿ ತೊಳೆದ ಜಾಗದಲ್ಲೇ ಹರಡಿಕೊಂಡು ಕೂತಿತ್ತು. ಎರಡನೇ ದಿನ ಅಂಚು ಕಂದಿತು, ಮೂರನೇ ದಿನ ಎಲೆ ಕಾಗದವಾಯಿತು, ಐದನೇ ದಿನ ಗೊಂಚಲು ಸುಕ್ಕುಗಟ್ಟಿ ತೊಟ್ಟು ಸಮೇತ ಉದುರಿತು.

ಮಾವ ಲೆಕ್ಕ ಹಾಕಿದ್ದು ಒಂದು, ಆಗಿದ್ದು ಇನ್ನೊಂದು. ಪುಟ್ಟಿ ಅಂಕ ಕಡಿಮೆ ಮಾಡಲಿಲ್ಲ. ಅವಳು ಎದೆಗುಂದಿದಳು. ರೋಗವಿರಬಹುದೆಂದು ಎಲೆಯ ಹಿಂದೆ ಮುಂದೆ ಭೂತಗನ್ನಡಿ ಹಿಡಿದು ನೋಡಿದಳು, ಕಾಂಡ ಕೆರೆದಳು, ಪುಸ್ತಕದ ಮೂರು ವರ್ಷದ ಹಾಳೆಗಳನ್ನು ಹಿಂದಕ್ಕೂ ಮುಂದಕ್ಕೂ ತಿರುವಿದಳು. ಏನೂ ಸಿಗಲಿಲ್ಲ. ಆರನೇ ದಿನ ಬೆಳಗ್ಗೆ ಹತ್ತು ಗಂಟೆಗೆ ಪಂಪಿನ ಕೊಠಡಿಯ ಬಾಗಿಲಲ್ಲಿ ಬಂದು ನಿಂತಳು.

"ಮಾವ, ಮೇಲಿನ ವಾಲ್ವು ತೆಗೀರಿ."

ಮಾವನ ಕೈಯಲ್ಲಿದ್ದ ಸ್ಪ್ಯಾನರ್ ಅಲ್ಲೇ ನಿಂತಿತು.

"ನೀವು ಹೇಳಿದ್ದೇ ಸರಿ. ಎಲ್ಲಕ್ಕಿಂತ ಗಟ್ಟಿ ಅಂದ್ಕೊಂಡಿದ್ದೇ ಹೀಗಾಯ್ತು. ಉಳಿದವು ಇನ್ನೆಷ್ಟು ದಿನ ನಿಲ್ತವೆ? ಮೂರು ವರ್ಷ ಅವಕ್ಕೂ ಹಿಂಸೆ, ನಿಮಗೂ ಹಿಂಸೆ. ಕಸಿಯವ್ರಿಗೆ ಬರಬೇಡಿ ಅಂತ ಹೇಳಿ ಕಳಿಸ್ತೀನಿ. ಕೆಳಗಿನ ತಾಕಿಗೆ ಎಲ್ಲರ ಹಾಗೆ ಪೇಟೆಯ ಸಸಿ ತಂದು ನೆಟ್ಟು ನೀರು ಬಿಡೋಣ. ಬಾವಿ ಎಷ್ಟು ದಿನ ಇರುತ್ತೋ ಅಷ್ಟು ದಿನ."

ಅಳುತ್ತಿರಲಿಲ್ಲ. ಅತ್ತಿದ್ದರೆ ಮಾವನಿಗೆ ಏನು ಮಾಡಬೇಕೆಂದು ಗೊತ್ತಾಗುತ್ತಿತ್ತು. ಅವಳು ಬಾವಿಯ ಆಳ ಹೇಳುವಾಗಿನ ಅದೇ ದನಿಯಲ್ಲಿ ಹೇಳಿದಳು.

ಇಬ್ಬರೂ ಗುಡ್ಡ ಹತ್ತಿದರು. ವಾಲ್ವಿಗೆ ತುಕ್ಕು ಹಿಡಿದಿತ್ತು. ಮಾವ ಸ್ಪ್ಯಾನರಿನಿಂದ ಎರಡು ಪೆಟ್ಟು ಹಾಕಿ, ಮೈಭಾರ ಬಿಟ್ಟು ತಿರುಗಿಸಿದ. ಕಾಲು ಸುತ್ತು ತಿರುಗಿತು. ಪೈಪಿನೊಳಗೆ ಗಾಳಿ ಬುಸ್ಸೆಂದಿತು, ಕೆಳಗೆಲ್ಲೋ ನೀರು ಹೊರಟಿತು. ಮೂರು ವರ್ಷ ಅವನು ಕನಸಿನಲ್ಲಿ ಕೇಳಿದ್ದ ಸದ್ದು ಅದು.  ನಾನೂರ ಹನ್ನೊಂದು ಬಳ್ಳಿ ಅವನ ಮುಂದೆ ಓರೆ ಎಲೆ ಹಿಡಿದು ನಿಂತಿದ್ದವು. ಯಾರ ಉಪಕಾರವೂ ಇಲ್ಲದೆ ನಿಂತಿದ್ದವು. ಇನ್ನೊಂದು ನಿಮಿಷಕ್ಕೆ ನೀರು ಬಂದು ಅವುಗಳ ಮೂರು ವರ್ಷವನ್ನು ಅಳಿಸಿಬಿಡುತ್ತಿತ್ತು. ಪುಟ್ಟಿಯ ಮೂರು ವರ್ಷವನ್ನೂ ಅಳಿಸುತ್ತಿತ್ತು, ಅದೂ ತನ್ನ ಕೈಯಿಂದ.

ಮಾವ ವಾಲ್ವನ್ನು ವಾಪಸ್ಸು ತಿರುಗಿಸಿದ.

"ಏನಾಯ್ತು?" ಎಂದಳು ಪುಟ್ಟಿ.

"ಆ ಬಳ್ಳಿಗೆ ನಾನು ನೀರು ಹಾಕ್ತಿದ್ದೆ."

ಅವಳಿಗೆ ಅರ್ಥವಾಗಲಿಲ್ಲ. "ಯಾವಾಗ? ಮೊನ್ನೆ ಗಾಳಿಯಲ್ಲಾ?"

"ಮೊನ್ನೆ ಅಲ್ಲ. ಮೊದಲನೇ ಬೇಸಿಗೆಯಿಂದ. ಊಟ ಆದ್ಮೇಲೆ ಕೈ ತೊಳೀತಿದ್ದೆ, ಆಮೇಲೆ ಡಬ್ಬಿ ತೊಳೆದೆ, ಆಮೇಲೆ..." ಅವನಿಗೆ ಸುತ್ತು ಬಳಸುವುದು ಸಾಕಾಯಿತು. "ದಿನಾ ಕ್ಯಾನು ತಂದು ಹುಯ್ತಿದ್ದೆ. ಕಸಿಯವರು ಬಂದು ಹೋದ್ಮೇಲೆ ಹೆದರಿ ನಿಲ್ಸಿದೆ. ಅದಕ್ಕೇ ಅದು ಸುಟ್ಟುಹೋಯ್ತು."

ಪುಟ್ಟಿ ಪೈಪಿನ ಮೇಲೆ ಕೂತಳು.  ಆಮೇಲೆ ಕೇಳಿದಳು: "ಎಷ್ಟು?"

"ಐದು ಲೀಟರ್."

"ಬೇರೆ ಯಾವುದಕ್ಕಾದ್ರೂ ಹಾಕಿದ್ರಾ?"

"ಇಲ್ಲ. ಅದೊಂದಕ್ಕೇ."

"ಸರಿಯಾಗಿ ಯೋಚನೆ ಮಾಡಿ ಹೇಳಿ. ಪಕ್ಕದ್ದಕ್ಕೆ? ಎದುರಿನ ಸಾಲಿಗೆ?"

"ಅದೊಂದಕ್ಕೇ ಪುಟ್ಟಿ. ಅದು ಭುಜಕ್ಕೆ ತಗಲ್ತಿತ್ತು."

"ಯಾಕೆ ಹೇಳ್ಲಿಲ್ಲ?"

"ನಿನ್ನ ಮುಖ" ಎಂದ ಮಾವ.  "ಅದನ್ನ ನೋಡಿದಾಗೆಲ್ಲ ನಿನ್ನ ಮುಖ ಅರಳ್ತಿತ್ತು. ಅದಕ್ಕೆ ಹಾಕ್ತಿದ್ದೆ. ನಂಗೆ ನಾಚಿಕೆ ಆಗ್ತಿದೆ."

ಅವಳು ಎದ್ದು, ಅವನ ಕೈಯಿಂದ ಸ್ಪ್ಯಾನರ್ ತೆಗೆದುಕೊಂಡು, ವಾಲ್ವನ್ನು ಕೊನೆಯವರೆಗೂ ಬಿಗಿದಳು. ಮಾವನ ಮುಖ ನೋಡದೆ ಸಾಲುಗಳ ನಡುವೆ ಹೋದಳು. ಮಧ್ಯಾಹ್ನದವರೆಗೂ ಅವಳ ಟೋಪಿ ಬಳ್ಳಿಯಿಂದ ಬಳ್ಳಿಗೆ ಹೋಗುವುದು ಕೆಳಗಿನಿಂದ ಕಾಣುತ್ತಿತ್ತು. ಒಂದೊಂದರ ಎಲೆಯನ್ನೂ ಕೆನ್ನೆಗೆ ಒತ್ತಿ ನೋಡುತ್ತಿದ್ದಳು. ಎಲೆ ತಂಪಾಗಿದ್ದರೆ ಬೇರಿಗೆ ಕೆಳಗೆ ನೀರು ಸಿಕ್ಕಿದೆ ಎಂದರ್ಥ.

ಅವತ್ತಿನಿಂದ ಅವಳು ಮಾವನೊಂದಿಗೆ ಮಾತು ಬಿಟ್ಟಳು. ಊಟಕ್ಕೆ ಕೂತರೆ "ಅಮ್ಮ, ಅವರಿಗೆ ಇನ್ನೇನಾದ್ರೂ ಬೇಕಾ ಕೇಳು" ಎನ್ನುವಳು. ಮಾವ ಮೇಜಿನ ಈಚೆಯಿಂದ "ಬೇಡ ಅಂತ ಹೇಳಕ್ಕ" ಎನ್ನುವನು. ಮಧ್ಯೆ ಕೂತ ಅಕ್ಕನಿಗೆ ಎರಡು ದಿನಕ್ಕೇ ತಲೆ ಕೆಟ್ಟಿತು. ಮಗಳು ಎದ್ದು ಹೋದಮೇಲೆ ತಮ್ಮನನ್ನು ತರಾಟೆಗೆ ತೆಗೆದುಕೊಂಡಳು.

"ನಿನಗೆ ನೆನಪಿದೆಯಾ, ಮೂರನೇ ಕ್ಲಾಸಲ್ಲಿ ಅವಳ ಲೆಕ್ಕ ಎಲ್ಲಾ ನೀನೇ ಮಾಡಿಕೊಡ್ತಿದ್ದೆ. ಪಾಪ, ಮಗು ನಿದ್ದೆ ಮಾಡ್ಲಿ ಅಂತ."

"ಮಾಡಿಕೊಟ್ಟಿದ್ದೆ."

"ಪರೀಕ್ಷೆಯಲ್ಲಿ ಕೂತು ಒದ್ದಾಡಿದ್ದು ಯಾರು? ನೀನಾ?"

 ಅಕ್ಕ ಬೈದಿದ್ದಕ್ಕೆ ಮಾವನಿಗೆ ಬೇಸರವಾಗಲಿಲ್ಲ. ಸರಿಯಾಗಿ ಬೈದಳು ಅನ್ನಿಸಿದ್ದಕ್ಕೇ ಬೇಸರವಾಯಿತು. ಇಷ್ಟು ವರ್ಷ ತನ್ನ ಒಳ್ಳೆಯತನ ಎಂದುಕೊಂಡಿದ್ದುದರಲ್ಲಿ ಅರ್ಧ ತನಗೇ ಬೇಕಾಗಿದ್ದ ಸಮಾಧಾನ ಎಂದು ಅವನಿಗೆ ಮೊದಲ ಸಲ ಗೊತ್ತಾಯಿತು. ಸೊರಗಿದ್ದನ್ನು ನೋಡಿಕೊಂಡು ಸುಮ್ಮನೆ ಕೂರಲು ಅವನ ಕೈಲಾಗುತ್ತಿರಲಿಲ್ಲ, ಅದಕ್ಕೇ ನೀರು. ಸೊರಗಿದ್ದಕ್ಕೆ ಅದರಿಂದ ಒಳ್ಳೆಯದಾಯಿತೋ ಇಲ್ಲವೋ ಎಂದು ತಿರುಗಿ ನೋಡಿದವನಲ್ಲ.

ಮಾತು ಬಿಟ್ಟ ಆರನೇ ದಿನ ಬೆಳಗ್ಗೆ, ಗಾಳಿ ತಣ್ಣಗಾಗಿ ಮೊದಲ ಬೆಳಕು ಬೀಳುವ ಹೊತ್ತಿಗೆ, ಮಾವ ಮುಖ ತೊಳೆದು ಹೊರಗೆ ಬಂದರೆ ಪುಟ್ಟಿ ಪುಸ್ತಕ ಹಿಡಿದು ಜಗಲಿಯ ಹತ್ತಿರ ನಿಂತಿದ್ದಳು.

"ಮೇಲಿನ ತಾಕಿಗೆ ಬನ್ನಿ" ಎಂದಳು. ಅಷ್ಟೇ.

ಮೊದಲ ಸಾಲಿನ ತುದಿಯಲ್ಲಿ ನಿಂತು ಕೆಲಸ ಏನೆಂದು ಹೇಳಿದಳು. "ನಡೀತಾ ಹೋಗಿ. ಯಾವುದಕ್ಕೆ ನೀರು ಹಾಕ್ಬೇಕು ಅಂತ ಅನ್ಸುತ್ತೋ ಅಲ್ಲಿ ನಿಂತು ಹೇಳಿ. ನನ್ನ ಅಳತೆ ಪೂರ್ತಿ ಹಾಳಾಗಿದೆ, ಆ ಬಳ್ಳಿ ಇಟ್ಕೊಂಡೇ ಎಲ್ಲಕ್ಕೂ ಅಂಕ ಹಾಕಿದ್ದೆ. ನಿಮ್ಮ ಕಣ್ಣು ಹಾಳಾಗಿಲ್ಲ."

"ಹೇಳಿದ್ರೆ ಏನು ಮಾಡ್ತೀಯಾ?"

"ಪುಸ್ತಕದಲ್ಲಿ ಅದನ್ನ ಹೊಡೆದು ಹಾಕ್ತೀನಿ. ನಿಮಗೆ ಪಾಪ ಅನ್ನಿಸಿದ್ದು ಯಾವುದೂ ನನಗೆ ಬೇಡ."

ಮಾವ ನಡೆದ. ಮೊದಲನೆಯದರ ಮುಂದೆ ನಿಂತು "ಪಾಪ" ಎಂದ. ಪುಟ್ಟಿ ಒಂದು ಗೆರೆ ಎಳೆದಳು. ಎರಡನೆಯದು, ಮೂರನೆಯದು, ನಾಲ್ಕನೆಯದು. ಜೀವಮಾನವಿಡೀ ಅವನ ಬಾಯಿಂದ ಆ ಮಾತು ಬಿದ್ದರೆ ನೀರು ಹರಿದಿತ್ತು. ಇವತ್ತು ಗೆರೆ ಬೀಳುತ್ತಿತ್ತು. ಮೊದಮೊದಲು ಅವನು ತಡವರಿಸುತ್ತಿದ್ದ, ತಾನು ಹೇಳಿದರೆ ಆ ಬಳ್ಳಿಗೆ ಕೇಡು ಎಂಬ ಹಾಗೆ. ಬರುಬರುತ್ತಾ ಕಣ್ಣು ತನ್ನ ಕೆಲಸ ತಾನು ಮಾಡತೊಡಗಿತು.

ನಾಲ್ಕನೇ ಸಾಲಿನ ನಡುವೆ ಪುಟ್ಟಿ ಕರೆದಳು. "ಇದನ್ನ ಬಿಟ್ಟುಹೋದ್ರಿ."

ಮಾವ ತಿರುಗಿ ನೋಡಿದ. ಕಾಂಡ ಸೊಟ್ಟ, ಎಲೆ ಸಣ್ಣ, ಗೊಂಚಲು ನಾಲ್ಕೇ ನಾಲ್ಕು. ಎಲೆಯನ್ನು ಕೆನ್ನೆಗೆ ಒತ್ತಿದ. ತಂಪಾಗಿತ್ತು. ನೀರು ಬೇಕೆಂದು ಅನ್ನಿಸಲೇ ಇಲ್ಲ. ಈ ತಾಕಿನಲ್ಲಿ ಪ್ರತಿಯೊಂದು ಬಳ್ಳಿಯನ್ನೂ ಬಲ್ಲೆ ಎಂದು ಅವನು ಎಷ್ಟು ಸಲ ಹೇಳಿಕೊಂಡಿದ್ದನೋ. ಈ ಬಳ್ಳಿಯ ವಿಷಯ ಒಂದೇ ಒಂದು ಮಾತೂ ಅವನಿಗೆ ನೆನಪಾಗಲಿಲ್ಲ.

"ಇದನ್ನ ನಾನು ನೋಡೇ ಇಲ್ಲ ಪುಟ್ಟಿ. ಇದು ಯಾವತ್ತೂ ಏನೂ ಕೇಳ್ಲಿಲ್ಲ."

"ನಾನೂ ನೋಡಿರ್ಲಿಲ್ಲ. ನಾಲ್ಕು ಅಂಕ ಕೊಟ್ಟಿದ್ದೆ." ಅವಳು ಹಳೆಯ ಅಂಕವನ್ನು ಹೊಡೆದು, ಪಕ್ಕದಲ್ಲಿ ಏನನ್ನೋ ಬರೆದಳು.

ಬಿಸಿಲು ಏರುವ ಹೊತ್ತಿಗೆ ಮಾವ ನಿಲ್ಲದೆ ದಾಟಿಹೋದ ಬಳ್ಳಿಗಳು ಇಪ್ಪತ್ತಾರಾಗಿದ್ದವು. ಚಳಿಗಾಲಕ್ಕೆ ಕಸಿಯವರಿಗೆ ಅಷ್ಟು ಸಾಕು, ಒಂದೇ ಅಮ್ಮನಿಗಿಂತ ಇಪ್ಪತ್ತಾರು ಅಮ್ಮಂದಿರು ವಾಸಿ ಎಂದು ಪುಟ್ಟಿ ಲೆಕ್ಕ ಹೇಳಿದಳು. ಮಾವನಿಗೆ ಹೇಳಿದಳೋ ತನಗೇ ಹೇಳಿಕೊಂಡಳೋ ತಿಳಿಯಲಿಲ್ಲ. ಏಳನೇ ಸಾಲಿನ ಕೊನೆಯಲ್ಲಿ ಇಬ್ಬರೂ ನಿಂತರು. ಬಳ್ಳಿ ಬೋಳಾಗಿತ್ತು. ಸತ್ತಿದೆಯೋ ಇಲ್ಲವೋ ಎಂದು ಹೇಳುವುದು ಮುಂದಿನ ಚಿಗುರಿನವರೆಗೆ ಯಾರಿಂದಲೂ ಆಗದು.

"ಇದಕ್ಕೆ?" ಎಂದಳು ಪುಟ್ಟಿ.

"ಎಲ್ಲದಕ್ಕಿಂತ ಜಾಸ್ತಿ ಇದಕ್ಕೇ."

ಅವಳು ಗೆರೆ ಎಳೆಯಲಿಲ್ಲ. ಆ ಬಳ್ಳಿಯ ಹಾಳೆ ತೆಗೆದು, ಪುಸ್ತಕವನ್ನೂ ಪೆನ್ನನ್ನೂ ಮಾವನ ಕೈಗೆ ಕೊಟ್ಟಳು. "ಇದರ ಲೆಕ್ಕ ನನ್ನದಲ್ಲ, ನಿಮ್ಮದು. ನೀವೇ ಬರೀರಿ."

ಮಾವ ಕಲ್ಲಿನ ಮೇಲೆ ಕೂತು, ಪುಸ್ತಕವನ್ನು ಮಂಡಿಯ ಮೇಲಿಟ್ಟುಕೊಂಡು ಬರೆದ. ಅಕ್ಷರಗಳು ದೊಡ್ಡ ದೊಡ್ಡದಾಗಿ ಬಂದವು. ದಿನಾ ಐದು ಲೀಟರ್. ಎರಡು ಬೇಸಿಗೆ ಪೂರ್ತಿ, ಮೂರನೆಯದು ಸ್ವಲ್ಪ. ಯಾರಿಗೂ ಹೇಳಲಿಲ್ಲ. ಬರೆದು ಪುಸ್ತಕ ವಾಪಸ್ಸು ಚಾಚಿದ.

ಅವಳು ಓದಿದಳು.  ಅವಳಿಗೆ ಇನ್ನೂ ನೋವಿತ್ತು, ಅದನ್ನು ತೆಗೆಯುವುದು ತನ್ನ ಕೈಲಿಲ್ಲ ಎಂದು ತಿಳಿದು ಅವನು ಸುಮ್ಮನೆ ಕೂತ. ಸುಮ್ಮನೆ ಕೂರುವುದು ಎಷ್ಟು ಕಷ್ಟ ಎಂದು ಅವನ ಕೈಗಳಿಗೇ ಗೊತ್ತು.

"ಮುಂದಿನ ಬೇಸಿಗೆ ಇದು ಚಿಗುರಿ, ಮತ್ತೆ ಬಾಡಿ, ನೀವು ಇಲ್ಲೇ ಊಟಕ್ಕೆ ಕೂತಿದ್ರೆ?" ಎಂದು ಕೇಳಿದಳು. "ಆಗ ಏನು ಮಾಡ್ತೀರಿ?"

ಹಾಕಲ್ಲ ಎಂಬ ಮಾತು ಮಾವನ ನಾಲಿಗೆಯ ತುದಿಗೆ ಬಂತು. ಅದನ್ನು ಹೇಳಿದ್ದರೆ ಅವಳ ಮುಖ ಅರಳುತ್ತಿತ್ತು, ಅವನಿಗೆ ಅದು ಗೊತ್ತಿತ್ತು. ಬೋಳು ಬಳ್ಳಿಯನ್ನು ಒಮ್ಮೆ ನೋಡಿದ, ಹುಡುಗಿಯನ್ನು ಒಮ್ಮೆ ನೋಡಿದ.

"ಗೊತ್ತಿಲ್ಲ" ಎಂದ.

 ಪುಟ್ಟಿ ಪುಸ್ತಕವನ್ನು ಮತ್ತೆ ಅವನ ಮಂಡಿಯ ಮೇಲಿಟ್ಟಳು.

"ಅದನ್ನೂ ಬರೀರಿ, ಮಾವ."